ಯಾರದ್ದು ಈ ಸಾಮಾನು? ದೊಡ್ಡ ಮನೆಯಿಂದ ಚಿಕ್ಕ ಮನೆಗೆ ಹೋದ ಒಂದು ಕುಟುಂಬದ ಪ್ರಕರಣ

ಮನೆ ಬದಲಿಸುವವರ ಜೊತೆ ನಿಂತು ಸಾಮಾನು ವಿಂಗಡಿಸಲು ನೆರವಾಗುವುದು ನನ್ನ ಕೆಲಸ. ಹಾಗೆ ನೋಡಿದ ಒಂದು ಪ್ರಕರಣವನ್ನು ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ. ಮನೆಯವರು ಒಪ್ಪಿದ್ದಾರೆ. ಗುರುತು ಸಿಗದ ಹಾಗೆ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಹೆಸರುಗಳ ಬದಲು ಅಪ್ಪ, ಅಮ್ಮ, ಮಗಳು, ಮಗ ಅಂತಲೇ ಕರೆಯುತ್ತೇನೆ.

ಹಿನ್ನೆಲೆ

ಅಪ್ಪ ಅಮ್ಮ ಇಬ್ಬರಿಗೂ ಎಪ್ಪತ್ತು ದಾಟಿತ್ತು. ಮೂವತ್ತು ವರ್ಷಕ್ಕೂ ಜಾಸ್ತಿ ಒಂದೇ ಮನೆಯಲ್ಲಿ ಇದ್ದವರು. ಕೆಳಗೆ ಮೇಲೆ ಸೇರಿ ನಾಲ್ಕು ಕೋಣೆ, ಮೂರು ಅಟ್ಟ, ಮೆಟ್ಟಿಲ ಕೆಳಗೊಂದು ಗೂಡು, ಹಿಂದೆ ಅಪ್ಪನ ಮರಗೆಲಸದ ಶೆಡ್ಡು. ಅಮ್ಮನಿಗೆ ಮಂಡಿನೋವು ಜಾಸ್ತಿಯಾಗಿ ಮೇಲಿನ ಕೋಣೆಗಳಿಗೆ ಹತ್ತುವುದೇ ನಿಂತುಹೋಗಿತ್ತು. ಹಾಗಾಗಿ ಮನೆ ಮಾರಿ, ಲಿಫ್ಟ್ ಇರುವ ಕಟ್ಟಡದಲ್ಲಿ ಎರಡು ಕೋಣೆಯ ಫ್ಲ್ಯಾಟ್ ತೆಗೆದುಕೊಂಡರು. ತೀರ್ಮಾನ ಅವರಿಬ್ಬರದ್ದೇ. ಮಕ್ಕಳ ಒತ್ತಾಯ ಇರಲಿಲ್ಲ. ಇದು ಸಣ್ಣ ವಿಷಯವಲ್ಲ. ಬೇರೆಯವರ ಬಲವಂತಕ್ಕೆ ಮನೆ ಬಿಡುವವರ ಹತ್ತಿರ ಒಂದು ಹಳೇ ಬಕೆಟ್ಟನ್ನು ಬಿಡಿಸುವುದೂ ಕಷ್ಟ.

ಮಗಳು ಅದೇ ಊರಿನಲ್ಲಿದ್ದಳು. ಮಗ ಬೇರೆ ದೇಶದಲ್ಲಿದ್ದ. ಮನೆ ಕೊಂಡವರಿಗೆ ಬೀಗದ ಕೈ ಕೊಡುವ ದಿನ ಕರಾರಿನಲ್ಲಿ ಬರೆದಾಗಿತ್ತು. ಕೈಯಲ್ಲಿದ್ದದ್ದು ಮೂರು ತಿಂಗಳು.

ಹೊಸ ಮನೆಯ ನೆಲದ ಅಳತೆ ಹಳೇದರ ಅರ್ಧ ಇತ್ತು. ಅರ್ಧ ಸಾಮಾನು ಹೊರಗೆ ಹೋದರೆ ಸಾಕು ಎಂದು ಎಲ್ಲರೂ ಅಂದುಕೊಂಡಿದ್ದರು. ಈ ಲೆಕ್ಕ ತಪ್ಪು. ಅಟ್ಟ, ಶೆಡ್ಡು, ಮೆಟ್ಟಿಲ ಕೆಳಗಿನ ಜಾಗ ಯಾವುದೂ ನೆಲದ ಅಳತೆಗೆ ಬರುವುದಿಲ್ಲ. ಆದರೆ ವರ್ಷಗಟ್ಟಲೆ ಸಾಮಾನು ಸೇರುವುದು ಅಲ್ಲೇ ಅಲ್ವಾ? ನೆಲ ಅರ್ಧ ಆದಾಗ ಸಾಮಾನು ಇಡುವ ಜಾಗ ಅದಕ್ಕಿಂತ ಎಷ್ಟೋ ಕಮ್ಮಿಯಾಗುತ್ತದೆ.

ತೊಡಕು ಎಲ್ಲಿತ್ತು

ನನ್ನನ್ನು ಕರೆಯುವ ಹೊತ್ತಿಗೆ ಮೊದಲ ತಿಂಗಳು ಮುಗಿದಿತ್ತು. ಕಷ್ಟದ್ದನ್ನು ಮೊದಲು ಮುಗಿಸೋಣ ಎಂದು ಅವರು ಫೋಟೋ ಆಲ್ಬಮ್‌ಗಳ ಕಪಾಟಿನಿಂದ ಶುರುಮಾಡಿದ್ದರು. ಒಂದು ಆಲ್ಬಮ್ ತೆರೆದರೆ ಸಂಜೆಯೇ ಕಳೆದುಹೋಗುತ್ತಿತ್ತು. ಆಮೇಲೆ ಮೂರು ಗುಂಪು ಮಾಡಿದರು. ಇಟ್ಟುಕೊಳ್ಳುವುದು ಒಂದು, ಕೊಡುವುದು ಒಂದು, 'ಆಮೇಲೆ ನೋಡೋಣ' ಎನ್ನುವುದು ಇನ್ನೊಂದು. ಮೂರನೆಯದು ಮೇಲಿನ ಕೋಣೆಯನ್ನು ಎಷ್ಟು ತುಂಬಿತೆಂದರೆ ಬಾಗಿಲು ಪೂರ್ತಿ ತೆರೆಯುತ್ತಿರಲಿಲ್ಲ.

ಇದರ ನಡುವೆ ಒಂದು ಘಟನೆ ನಡೆಯಿತು. ಅಪ್ಪ ಅಮ್ಮ ಡಾಕ್ಟರ ಹತ್ತಿರ ಹೋಗಿದ್ದಾಗ ಮಗಳು ಒಂದು ಅಟ್ಟ ಖಾಲಿ ಮಾಡಿ ಗುಜರಿಯವನಿಗೆ ಕೊಟ್ಟುಬಿಟ್ಟಳು. ಹಳೇ ಪೇಪರು, ಹರಿದ ಹಾಸಿಗೆ, ವೈರು ತುಂಬಿದ ಒಂದು ರಟ್ಟಿನ ಡಬ್ಬ. ಆ ವೈರುಗಳ ಅಡಿಯಲ್ಲಿ ಅಪ್ಪನ ಒಂದು ನೋಟ್‌ಬುಕ್ ಇತ್ತು. ಮನೆಗಾಗಿ ತಾವೇ ಮಾಡಿದ ತೊಟ್ಟಿಲು, ಪುಸ್ತಕದ ಕಪಾಟು, ಬಾಗಿಲುಗಳ ಅಳತೆ ಮತ್ತು ನಕ್ಷೆಗಳನ್ನು ಅದರಲ್ಲಿ ಬರೆದಿಟ್ಟಿದ್ದರು. ಹುಡುಕಿದರೂ ಸಿಗಲಿಲ್ಲ. ಅಪ್ಪ ಬೈಯಲಿಲ್ಲ. ಶೆಡ್ಡಿಗೆ ಹೊಸ ಬೀಗ ಹಾಕಿ ಕೀಲಿಯನ್ನು ಜೇಬಿನಲ್ಲಿ ಇಟ್ಟುಕೊಂಡರು. ಅಮ್ಮ ಆವತ್ತಿನಿಂದ ಕೊಡುವ ಗುಂಪಿನಲ್ಲಿದ್ದದ್ದನ್ನು ಒಂದೊಂದಾಗಿ ರಾತ್ರಿ ಮತ್ತೆ ಕಪಾಟಿಗೆ ಸೇರಿಸತೊಡಗಿದರು.

ಹೊರಗಿನವರಿಗೆ ಕಾಣುವುದು ಸಾಮಾನಿನ ರಾಶಿ. ಈ ಮನೆಯಲ್ಲಿ ಕೆಲಸ ನಿಂತದ್ದು ರಾಶಿಯಿಂದ ಅಲ್ಲ. ನಾನು ನೋಡದೆ ಇದ್ದಾಗ ನನ್ನದು ಹೊರಗೆ ಹೋಗಬಹುದು ಎನ್ನುವ ಭಯ ಇಬ್ಬರಲ್ಲೂ ಕೂತಿತ್ತು. ಆ ಭಯ ಇರುವ ತನಕ ಯಾರೂ ಏನನ್ನೂ ಬಿಡುವುದಿಲ್ಲ.

ಮಗ ಫೋನಿನಲ್ಲಿ ಕೇಳಿದ, 'ಇದು ಏನಾದ್ರೂ ಕಾಯಿಲೆನಾ?' ಕೇಳಬೇಕಾದ ಪ್ರಶ್ನೆಯೇ. ಸಾಮಾನು ಕೂಡಿಡುವ ಕಾಯಿಲೆ ಎನ್ನುವುದು ಇದೆ. ಅಮೆರಿಕದ ಮನೋವೈದ್ಯರ ಸಂಘ 2013ರಲ್ಲಿ ಹೊರತಂದ, ಮಾನಸಿಕ ಕಾಯಿಲೆಗಳನ್ನು ಗುರುತಿಸಲು ಬಳಸುವ ಡಿಎಸ್‌ಎಂ-5 ಕೈಪಿಡಿಯಲ್ಲಿ ಅದಕ್ಕೆ ಪ್ರತ್ಯೇಕ ಜಾಗ ಸಿಕ್ಕಿದೆ. ವಸ್ತುವಿಗೆ ಬೆಲೆ ಇರಲಿ ಬಿಡಲಿ, ಅದನ್ನು ಬಿಡಲು ಆಗುವುದೇ ಇಲ್ಲ. ಮಲಗುವ ಕೋಣೆಯಲ್ಲಿ ಮಲಗಲು, ಅಡುಗೆ ಮನೆಯಲ್ಲಿ ಅಡುಗೆ ಮಾಡಲು ಆಗದಷ್ಟು ಜಾಗ ತುಂಬಿಹೋಗುತ್ತದೆ. ಬದುಕು ಏರುಪೇರಾಗುತ್ತದೆ. ಇಲ್ಲಿ ಹಾಗಿರಲಿಲ್ಲ. ಅವರು ಇರುತ್ತಿದ್ದ ಕೋಣೆಗಳು ಅಚ್ಚುಕಟ್ಟಾಗಿದ್ದವು. ಆ ಕಾಯಿಲೆಯೇ ಆಗಿದ್ದಿದ್ದರೆ ನಾನು ಮುಂದೆ ಹೇಳುವ ದಾರಿ ಯಾವುದೂ ಸಾಕಾಗುತ್ತಿರಲಿಲ್ಲ. ಮನೋವೈದ್ಯರ ನೆರವು ಬೇಕಾಗುತ್ತಿತ್ತು.

ಮೊದಲು ಮಾಡಿ ನೋಡಿದ್ದು

ಮಾರಿ ನೋಡಿದರು. ಊಟದ ಮೇಜು, ದೊಡ್ಡ ಬೀರು, ಗಾಜಿನ ಶೋಕೇಸ್. ಅಪ್ಪ ಹೇಳಿದ ಬೆಲೆಗೆ ಯಾರೂ ಬರಲಿಲ್ಲ. ಬಂದವರು ಹೇಳಿದ ಬೆಲೆ ಕೇಳಿ ಅಪ್ಪನಿಗೆ ಅವಮಾನವಾದಂತಾಯಿತು. ಇದರಲ್ಲಿ ಅವರ ಹಟ ಏನೂ ಇಲ್ಲ. ಕೈಯಲ್ಲಿರುವ ವಸ್ತುವಿಗೆ ಮನುಷ್ಯ ಜಾಸ್ತಿ ಬೆಲೆ ಕಟ್ಟುವುದೇ ಹಾಗೆ. ಮನಶ್ಶಾಸ್ತ್ರಜ್ಞ ಡೇನಿಯಲ್ ಕಾಹ್ನೆಮನ್ ಮತ್ತು ಅರ್ಥಶಾಸ್ತ್ರಜ್ಞ ರಿಚರ್ಡ್ ಥೇಲರ್ ತಮ್ಮ ಸಂಗಡಿಗರೊಬ್ಬರ ಜೊತೆ 1990ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಅರ್ಧ ಜನಕ್ಕೆ ಒಂದು ಸಾಮಾನ್ಯ ಕಾಫಿ ಮಗ್ ಕೊಟ್ಟಿದ್ದರು. ಸಿಕ್ಕಿ ಕೆಲವೇ ನಿಮಿಷ ಆಗಿದ್ದರೂ ಅದನ್ನು ಮಾರಲು ಅವರು ಕೇಳಿದ ಬೆಲೆ, ಕೊಳ್ಳುವವರು ಕೊಡಲು ಒಪ್ಪಿದ ಬೆಲೆಯ ಸುಮಾರು ಎರಡರಷ್ಟಿತ್ತು. ಕೆಲವು ನಿಮಿಷಕ್ಕೇ ಹಾಗಾದರೆ ಮೂವತ್ತು ವರ್ಷ ಎದುರು ಕೂತು ಊಟ ಮಾಡಿದ ಮೇಜಿಗೆ ಎಷ್ಟಾಗಬೇಕು? ಅಪ್ಪನಿಗೆ ನಾನು ಈ ಪ್ರಯೋಗವನ್ನು ವಿವರಿಸಿ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, 'ಹಾಗಾದ್ರೆ ಮಾರೋದು ಬೇಡ. ಬೇಕಾದವರಿಗೆ ಕೊಡೋಣ' ಅಂದರು. ಬೆಲೆಯ ಮಾತು ಅಲ್ಲಿಗೆ ಮುಗಿಯಿತು. ಮೇಜು ಅದೇ ವಾರ ಹೋಯಿತು.

ನೆಂಟರಿಗೆ ಹಂಚಿ ನೋಡಿದರು. ಕೆಲವರು ಸಂಕೋಚಕ್ಕೆ ಬೇಡ ಅನ್ನಲಾಗದೆ ತೆಗೆದುಕೊಂಡು ಹೋದರು. ಅದು ಸಮಸ್ಯೆಯನ್ನು ಇನ್ನೊಬ್ಬರ ಅಟ್ಟಕ್ಕೆ ದಾಟಿಸಿದ ಹಾಗೆ. ಅಮ್ಮನೇ ಇದನ್ನು ಗಮನಿಸಿ ನಿಲ್ಲಿಸಿದರು.

ಮಗ ಇನ್ನೊಂದು ದಾರಿ ಹೇಳಿದ. ಒಂದು ಗೋದಾಮು ಬಾಡಿಗೆಗೆ ಹಿಡಿಯೋಣ, ತಿಂಗಳ ಬಾಡಿಗೆ ತಾನೇ ಕಟ್ಟುತ್ತೇನೆ ಅಂತ. ಪ್ರೀತಿಯಿಂದ ಹೇಳಿದ ಮಾತು. ಆದರೂ ನಾನು ಬೇಡ ಅಂದೆ. ವಾಪಸ್ ತರುವ ತಾರೀಖು ಗೊತ್ತಿದ್ದರೆ ಗೋದಾಮು ಒಳ್ಳೆಯದೇ. ಇಲ್ಲಿ ಆ ತಾರೀಖು ಇರಲಿಲ್ಲ. ಮಂಡಿನೋವಿರುವ ಅಮ್ಮ ಗೋದಾಮಿಗೆ ಹೋಗಿ ಪೆಟ್ಟಿಗೆ ಬಿಚ್ಚಿ ನೋಡುವ ದಿನ ಬರುವುದಿಲ್ಲ. ಇವತ್ತು ಅಪ್ಪ ಅಮ್ಮ ಇದ್ದು, ಯಾವುದರ ಕಥೆ ಏನು ಎಂದು ಹೇಳಬಲ್ಲರು. ಆ ಮಾತನ್ನು ಕೇಳಿಸಿಕೊಂಡು ತೀರ್ಮಾನ ಮಾಡುವ ಅವಕಾಶವನ್ನು ಬಾಡಿಗೆ ಕಟ್ಟಿ ಕಳೆದುಕೊಳ್ಳುವುದು ನನಗೆ ಸರಿ ಕಾಣಲಿಲ್ಲ.

ತಿರುವುಗಳು

ಎಲ್ಲಕ್ಕಿಂತ ಮೊದಲು ಒಂದು ನಿಯಮ ಮಾಡಿಕೊಂಡೆವು. ಯಾರದ್ದೋ ಅವರು ಕಣ್ಣಾರೆ ನೋಡದೆ ಒಂದು ವೈರೂ ಮನೆಯಿಂದ ಹೊರಗೆ ಹೋಗಬಾರದು. ನಾನು ಮಗಳ ಹತ್ತಿರ ಬೇರೆಯಾಗಿ ಮಾತಾಡಿದೆ. ಅವಳಿಗೂ ನೋವಿತ್ತು. ಕಚೇರಿ, ಮನೆ, ಇಲ್ಲಿನ ಕೆಲಸ ಎಲ್ಲವನ್ನೂ ಒಬ್ಬಳೇ ಹೊತ್ತಿದ್ದಳು. ಆ ಸಂಜೆ ಅವಳೇ ಹೋಗಿ, 'ಅಪ್ಪಾ, ನಿಮ್ಮನ್ನ ಕೇಳದೆ ಕೊಡಬಾರದಿತ್ತು' ಅಂದಳು. ಅಪ್ಪ ಏನೂ ಹೇಳಲಿಲ್ಲ. ಮಾರನೇ ದಿನ ಬೆಳಿಗ್ಗೆ ಶೆಡ್ಡಿನಿಂದ ಅಳತೆ ಟೇಪು ತಂದು, 'ಹೊಸ ಮನೆ ಅಳೆದುಕೊಂಡು ಬರೋಣ ಬಾ' ಎಂದು ಅವಳನ್ನು ಕರೆದರು.

ಅಳತೆ ಬಂದ ಮೇಲೆ ಹಳೇ ಮನೆಯ ಹಾಲಿನ ನೆಲದ ಮೇಲೆ ಹೊಸ ಹಾಲಿನ ಗಡಿಯನ್ನು ಪೇಂಟರ್‌ಗಳು ಬಳಸುವ ಕಾಗದದ ಟೇಪಿನಿಂದ ಅಂಟಿಸಿದೆವು. ಬಾಗಿಲು ತೆರೆಯುವ ಜಾಗ, ಕಿಟಕಿ, ಪ್ಲಗ್ ಪಾಯಿಂಟು ಎಲ್ಲವನ್ನೂ ಗುರುತು ಮಾಡಿದೆವು. ಸೋಫಾವನ್ನು ಅದರೊಳಗೆ ತಂದಿಟ್ಟರೆ ಒಂದು ಕೊನೆ ಟೇಪಿನಿಂದ ಆಚೆ ನಿಂತಿತು. ಅಮ್ಮ ಆ ಕೊನೆಯನ್ನು ಮುಟ್ಟಿ ನೋಡಿ, 'ಇದು ಬರಲ್ಲ' ಅಂದರು. ವಾರಗಟ್ಟಲೆ ವಾದ ಮಾಡಿ ಮುಗಿಯದ ವಿಷಯ ಅದು. ಸೋಫಾ ಬೇಡ ಎಂದು ಯಾರೂ ಅವರಿಗೆ ಹೇಳಬೇಕಾಗಲಿಲ್ಲ. ಏನನ್ನು ಬಿಸಾಡೋಣ ಎಂದು ಕೇಳುತ್ತಾ ಇದ್ದಾಗ ಎಲ್ಲವೂ ಕಳೆದುಕೊಳ್ಳುವ ಹಾಗೆ ಕಾಣುತ್ತದೆ. ಈ ಜಾಗದಲ್ಲಿ ಯಾವುದನ್ನು ಕೂರಿಸೋಣ ಎಂದು ಕೇಳಿದಾಗ ಆರಿಸಿಕೊಳ್ಳುವ ಹಾಗೆ ಆಗುತ್ತದೆ. ಆಯ್ದದ್ದು ತುಂಬಿದ ಮೇಲೆ ಉಳಿದದ್ದರ ಬಗ್ಗೆ ಮಾತು ಸಲೀಸು.

ಇನ್ನೊಂದು ತಿರುವು ಬಣ್ಣದ ಚೀಟಿಗಳಿಂದ ಬಂತು. ಪುಸ್ತಕ, ಬಟ್ಟೆ, ಪಾತ್ರೆ ಎಂದು ವಿಂಗಡಿಸುವ ಬದಲು ಯಾರದ್ದು ಎಂದು ವಿಂಗಡಿಸಿದೆವು. ಅಪ್ಪನದಕ್ಕೆ ನೀಲಿ, ಅಮ್ಮನದಕ್ಕೆ ಹಸಿರು, ಮಕ್ಕಳದಕ್ಕೆ ಹಳದಿ, ತೀರಿಕೊಂಡವರು ಬಿಟ್ಟುಹೋದದ್ದಕ್ಕೆ ಬಿಳಿ. ಅಮ್ಮ ಮಗಳ ತೋಳು ಹಿಡಿದು ನಿಧಾನಕ್ಕೆ ಮೆಟ್ಟಿಲು ಹತ್ತಿ ಮೇಲೆ ಬಂದರು. ಎರಡೂ ಕೋಣೆ ತುಂಬ ಹಳದಿ ಮತ್ತು ಬಿಳಿ. ಮಗನ ಕಾಲೇಜು ಪುಸ್ತಕ, ಮಗಳ ಮಂಚ, ಮೊಮ್ಮಕ್ಕಳ ಆಟದ ಸಾಮಾನು, ಅಮ್ಮನ ತಾಯಿಯ ಟ್ರಂಕು, ಅಪ್ಪನ ಅಣ್ಣನ ಕಾಗದಪತ್ರ. ಹಸಿರು ಚೀಟಿ ಹುಡುಕಬೇಕಾಯಿತು. 'ನನ್ನದು ಅಂತ ಇಷ್ಟೇನಾ?' ಎಂದು ಅಮ್ಮ ಕೇಳಿದರು. ಏನನ್ನೂ ಬಿಡಲ್ಲ ಎಂದು ಇಡೀ ಮನೆ ಅವರ ಮೇಲೆ ಹೇಳುತ್ತಿತ್ತು. ಅವರು ಕಾಯುತ್ತಿದ್ದದ್ದು ಹೆಚ್ಚುಪಾಲು ಬೇರೆಯವರದನ್ನು.

ಇದಾದ ಮೇಲೆ ಹೊಣೆ ಬದಲಾಯಿತು. ಹಳದಿ ಚೀಟಿಯದ್ದಕ್ಕೆ ಉತ್ತರ ಕೊಡಬೇಕಾದವರು ಮಕ್ಕಳು. ಒಂದು ತಾರೀಖು ಹಾಕಿದೆವು. ಅಷ್ಟರೊಳಗೆ ಮಗ ವಿಡಿಯೋ ಕಾಲ್‌ನಲ್ಲಿ ನೋಡಿ ಹೇಳಬೇಕು, ಮಗಳು ತನ್ನ ಮನೆಗೆ ಒಯ್ಯಬೇಕು ಇಲ್ಲವೇ ಬಿಡಬೇಕು. ಗೋದಾಮಿನ ಮಾತು ಬಿದ್ದುಹೋದ ಮೇಲೆ ಎಲ್ಲಾ ಬಿಸಾಡಿ ಎಂದು ಜೋರಾಗಿ ಹೇಳುತ್ತಿದ್ದವನು ಮಗನೇ. ಪಠ್ಯಪುಸ್ತಕಗಳನ್ನು ಕ್ಷಣದಲ್ಲಿ ಬಿಟ್ಟ. ಆದರೆ ಚಿಕ್ಕವನಿದ್ದಾಗ ಬರೆದ ಚಿತ್ರಗಳ ಕಟ್ಟು ಪರದೆಯ ಮೇಲೆ ಬಂದಾಗ ಮಾತು ನಿಲ್ಲಿಸಿದ. 'ಅಮ್ಮಾ, ಇದನ್ನ ಇಟ್ಟಿದ್ದೀಯಾ?' ಅಂದ. ಆ ಕಾಲ್ ಆದಮೇಲೆ ಅವನು ಬಿಸಾಡಿ ಎನ್ನುವ ಮಾತು ಆಡಲಿಲ್ಲ.

ಕಾಗದ, ಕ್ಯಾಸೆಟ್, ಫೋಟೋ

ಕಾಗದದ ಭಾರ ಯಾರಿಗೂ ಅಂದಾಜಿರುವುದಿಲ್ಲ. 80 ಜಿಎಸ್‌ಎಂ, ಅಂದರೆ ಚದರ ಮೀಟರಿಗೆ 80 ಗ್ರಾಂ ತೂಗುವ ಎ4 ಹಾಳೆ ಒಂದಕ್ಕೆ 5 ಗ್ರಾಂ. 500 ಹಾಳೆಯ ಒಂದು ಕಟ್ಟು ಎರಡೂವರೆ ಕಿಲೋ. ಕಬ್ಬಿಣದ ಬೀರುವಿನ ಒಂದು ಖಾನೆ ತುಂಬ ಹಳೇ ಬಿಲ್ಲು, ಗ್ಯಾರಂಟಿ ಕಾರ್ಡು. ಎಷ್ಟೋ ಬಿಲ್ಲುಗಳಲ್ಲಿ ಅಕ್ಷರವೇ ಇರಲಿಲ್ಲ. ಶಾಖದಿಂದ ಅಚ್ಚಾಗುವ ಕಾಗದ ವರ್ಷ ಕಳೆದಂತೆ ಬಿಳಿಚಿಕೊಳ್ಳುತ್ತದೆ. ಆಸ್ತಿ, ವಿಮೆ, ಪಿಂಚಣಿ, ಆಸ್ಪತ್ರೆಯ ಮೂಲ ಕಾಗದಗಳನ್ನು ಮಾತ್ರ ಒಂದು ಕೈಚೀಲಕ್ಕೆ ಹಾಕಿ, ಸಾಗಿಸುವ ಲಾರಿಗೆ ಕೊಡದೆ ಮಗಳ ಕೈಯಲ್ಲಿ ಕೊಟ್ಟೆವು. ಗುರುತಿನ ಚೀಟಿಯ ನಕಲುಗಳನ್ನು ಹರಿದು ಹಾಕಿದೆವು.

ಔಷಧಿ, ಬ್ಯಾಟರಿ, ಪಾದರಸ ಇರುವ ಹಳೇ ಸಿಎಫ್‌ಎಲ್ ದೀಪಗಳನ್ನು ಬೇರೆ ಡಬ್ಬದಲ್ಲಿಟ್ಟು, ಅವಕ್ಕೆಂದೇ ಇರುವ ಸಂಗ್ರಹ ಕೇಂದ್ರಕ್ಕೆ ಕೊಟ್ಟದ್ದಾಯಿತು. ಹಳೇ ಫೋನುಗಳನ್ನು ಫ್ಯಾಕ್ಟರಿ ರೀಸೆಟ್ ಮಾಡಿಯೇ ಕೊಟ್ಟೆವು.

ವಿಡಿಯೋ ಕ್ಯಾಸೆಟ್‌ಗಳಿಗೆ ಮಾತ್ರ ನಾನು ಅವಸರ ಮಾಡಿದೆ. ವಿಎಚ್‌ಎಸ್ ಪ್ಲೇಯರ್ ಮಾಡುತ್ತಿದ್ದ ಕೊನೆಯ ದೊಡ್ಡ ಕಂಪನಿ, ಜಪಾನಿನ ಫುನಾಯ್, 2016ರ ಜುಲೈನಲ್ಲಿ ತಯಾರಿಕೆ ನಿಲ್ಲಿಸಿತು. ಕ್ಯಾಸೆಟ್ ಚೆನ್ನಾಗಿದ್ದರೂ ಓಡಿಸುವ ಯಂತ್ರ ಸಿಗುವುದು ದಿನೇ ದಿನೇ ಕಷ್ಟ. ಡಬ್ಬ ತುಂಬ ಇದ್ದವುಗಳಲ್ಲಿ ಹೆಚ್ಚಿನವು ಟಿವಿಯಿಂದ ಹಿಡಿದಿಟ್ಟ ಕಾರ್ಯಕ್ರಮಗಳು. ಮನೆಯವರ ದನಿ, ಮುಖ ಇದ್ದವು ಕೆಲವೇ ಕೆಲವು. ಅವುಗಳನ್ನಷ್ಟೇ ಕಂಪ್ಯೂಟರ್ ಫೈಲ್‌ಗೆ ಬದಲಿಸಿಕೊಂಡರು.

ಆಲ್ಬಮ್‌ಗಳು ಅಂಟು ಹಾಳೆಯವು. ಹಾಳೆಯ ಮೇಲೆ ಅಂಟಿನ ಗೆರೆ, ಅದರ ಮೇಲೆ ಫೋಟೋ, ಮೇಲೊಂದು ಪಾರದರ್ಶಕ ಹೊದಿಕೆ. ಆ ಅಂಟು ಕಾಲಕ್ರಮೇಣ ಗಟ್ಟಿಯಾಗಿ ಫೋಟೋವನ್ನು ಹಳದಿ ಮಾಡುತ್ತದೆ. ಎಳೆದರೆ ಹರಿಯುತ್ತದೆ. ಮೊದಲು ಪ್ರತಿ ಪುಟವನ್ನು ಇದ್ದ ಹಾಗೇ ಫೋನಿನಲ್ಲಿ ಚಿತ್ರ ತೆಗೆದೆವು. ಆಮೇಲೆ ಹಲ್ಲಿನ ಸಂದು ಶುಚಿ ಮಾಡುವ ದಾರವನ್ನು, ಮೇಣ ಇಲ್ಲದ್ದನ್ನು, ಫೋಟೋದ ಒಂದು ಮೂಲೆಯ ಅಡಿಗೆ ತೂರಿಸಿ ಗರಗಸದ ಹಾಗೆ ಹಿಂದೆ ಮುಂದೆ ಎಳೆಯುತ್ತಾ ಬಿಡಿಸಿದೆವು. ಬಿಡದೆ ಹಟ ಮಾಡಿದವನ್ನು ಅಲ್ಲೇ ಬಿಟ್ಟು ಪುಟ ಸಮೇತ ಸ್ಕ್ಯಾನ್ ಮಾಡಿಸಿದೆವು. ಈ ಕೆಲಸ ಅಮ್ಮನಿಗೆ ಹಿಡಿಸಿತು. ಕೈ ಕೆಲಸ ಮಾಡುತ್ತಿದ್ದಾಗ ಮನಸ್ಸು ಆರಿಸುತ್ತಿತ್ತು. ಒಂದೇ ದಿನದ ಎಂಟು ಫೋಟೋ ಇದ್ದರೆ ಎರಡು ಇಟ್ಟರು.

ಶೆಡ್ಡು ಮತ್ತು ಟ್ರಂಕು

ಅಪ್ಪ ಶೆಡ್ಡಿನ ಬೀಗ ತಾವಾಗಿಯೇ ತೆಗೆದರು. ನಾವು ಕೇಳಿರಲಿಲ್ಲ. ಗೋಡೆ ಮೇಲೆ ಪ್ರತಿ ಉಳಿ, ಗರಗಸ, ಸುತ್ತಿಗೆಯ ಆಕಾರವನ್ನು ಪೆನ್ಸಿಲ್‌ನಲ್ಲಿ ಬರೆದು ಅದರ ಮೇಲೆ ಮೊಳೆ ಹೊಡೆದಿದ್ದರು. ತೆಗೆದ ಸಲಕರಣೆ ವಾಪಸ್ ಬಂದಿಲ್ಲ ಎಂದು ದೂರದಿಂದಲೇ ಗೊತ್ತಾಗಬೇಕು. ಸ್ಕ್ರೂಗಳೆಲ್ಲ ಅಳತೆ ಪ್ರಕಾರ ಡಬ್ಬಿಗಳಲ್ಲಿದ್ದವು. ಪ್ರತಿ ಡಬ್ಬಿಯ ಮುಚ್ಚಳದ ಮೇಲೆ ಒಳಗಿರುವ ಸ್ಕ್ರೂ ಒಂದನ್ನು ಅಂಟಿಸಿದ್ದರು. ಇಂಥ ಜಾಗದಲ್ಲಿ ನಿಂತು 'ಯಾವುದು ಬೇಡ?' ಎಂದು ಕೇಳುವುದು ಆ ಮನುಷ್ಯನಿಗೆ ಮಾಡುವ ಅಗೌರವ. ಇದನ್ನೆಲ್ಲ ಯಾರು ಚೆನ್ನಾಗಿ ಬಳಸಿಯಾರು ಎಂದು ಕೇಳಿದೆ. ಅವರಿಗೆ ಉತ್ತರ ಗೊತ್ತಿತ್ತು. ಮರಗೆಲಸ ಕಲಿಸುವ ಒಂದು ತರಬೇತಿ ಶಾಲೆಗೆ ತಾವೇ ಹೋಗಿ ಮಾತಾಡಿದರು. ಅಲ್ಲಿನ ಹುಡುಗರು ಬಂದಾಗ ಉಳಿಗೆ ಸಾಣೆ ಹಿಡಿಯುವುದು ಹೇಗೆ ಎಂದು ತೋರಿಸಿ ತೋರಿಸಿ ಕೊಟ್ಟರು. ಡಬ್ಬಿಗಳನ್ನು ಅದೇ ಕ್ರಮದಲ್ಲಿ ಜೋಡಿಸಬೇಕು ಎನ್ನುವುದು ಅವರ ಒಂದೇ ಷರತ್ತು. ತಮಗೆಂದು ಒಂದು ಪೆಟ್ಟಿಗೆ ಇಟ್ಟುಕೊಂಡರು. ಎರಡು ಉಳಿ, ಒಂದು ಸುತ್ತಿಗೆ, ಮಟ್ಟಗೋಲು, ಸ್ಕ್ರೂಡ್ರೈವರ್‌ಗಳು.

ಬಿಳಿ ಚೀಟಿಯ ಟ್ರಂಕನ್ನು ಬೇಕೆಂದೇ ಕೊನೆಗೆ ಇಟ್ಟೆವು. ಅದರಲ್ಲಿ ಅಮ್ಮನ ತಾಯಿಯ ಬಟ್ಟೆಗಳಿದ್ದವು. ಮೊದಲ ತಿಂಗಳಲ್ಲಿ ಅದನ್ನು ತೆರೆಯಲೂ ಆಗದವರು, ಅಷ್ಟು ಹೊತ್ತಿಗೆ ಎಷ್ಟೋ ತೀರ್ಮಾನ ಮಾಡಿ ಮಾಡಿ ಗಟ್ಟಿಯಾಗಿದ್ದರು. ಪ್ರತಿ ಬಟ್ಟೆಯನ್ನು ಬಿಡಿಸಿ ಹಾಸಿ ಫೋಟೋ ತೆಗೆದೆವು. ನೆನಪಿನ ವಸ್ತುವನ್ನು ಬಿಡುವ ಮೊದಲು ಚಿತ್ರ ತೆಗೆದುಕೊಳ್ಳುವುದು ಸುಮ್ನೆ ಸಮಾಧಾನದ ಮಾತಲ್ಲ. ಅಮೆರಿಕದ ಒಂದು ವಿಶ್ವವಿದ್ಯಾಲಯದ ಹಾಸ್ಟೆಲ್‌ಗಳಲ್ಲಿ ನಡೆಸಿ 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಫೋಟೋ ತೆಗೆದುಕೊಂಡು ಕೊಡಿ ಎಂದು ಹೇಳಿದ ಕಡೆ ಬರೀ ಕೊಡಿ ಎಂದ ಕಡೆಗಿಂತ ಜಾಸ್ತಿ ವಸ್ತುಗಳು ದಾನಕ್ಕೆ ಬಂದವು. ಅಮ್ಮ ಒಂದು ಶಾಲು ಇಟ್ಟುಕೊಂಡರು. ಪೆಟ್ಟಿಗೆಯಲ್ಲಿ ಇಡಲಿಲ್ಲ, ಹೊದ್ದುಕೊಳ್ಳುತ್ತಾರೆ.

ಏನಾಯಿತು

ಗಡುವಿಗೆ ಕೆಲವು ದಿನ ಮೊದಲೇ ಮನೆ ಖಾಲಿಯಾಯಿತು. ಹೊಸ ಮನೆಗೆ ಹೋದದ್ದೆಲ್ಲ ಮೊದಲ ದಿನವೇ ತನ್ನ ಜಾಗದಲ್ಲಿ ಕೂತಿತು. ಬಿಚ್ಚದ ಪೆಟ್ಟಿಗೆ ಉಳಿಯಲಿಲ್ಲ. ಅಪ್ಪ ಬಾಲ್ಕನಿಗೆ ಒಂದು ಮಡಚುವ ಹಲಗೆ ಮಾಡಿಕೊಂಡಿದ್ದಾರೆ. ಅದರ ಅಳತೆಯನ್ನು ಹೊಸ ನೋಟ್‌ಬುಕ್‌ನಲ್ಲಿ ಬರೆದವಳು ಮಗಳು.

ಒಂದು ತೀರ್ಮಾನ ಮಾತ್ರ ಸರಿಹೋಗಲಿಲ್ಲ. ಅಮ್ಮನ ಹೊಲಿಗೆ ಮಷೀನು. ವರ್ಷಗಳಿಂದ ಅದರ ಮೇಲೆ ಬಟ್ಟೆ ಹೊದಿಸಿ ಫೋನು, ಕನ್ನಡಕ ಇಡುವ ಮೇಜಿನ ಹಾಗೆ ಬಳಸುತ್ತಿದ್ದರು. ಕೊನೆಯ ವಾರದಲ್ಲಿ ಎಲ್ಲರೂ ದಣಿದಿದ್ದಾಗ, 'ಇದನ್ನ ಮುಟ್ಟಿ ಎಷ್ಟು ವರ್ಷ ಆಯ್ತಮ್ಮಾ?' ಎಂದು ಮಗಳು ಕೇಳಿದಳು. ಅಮ್ಮ ತಲೆಯಾಡಿಸಿದರು. ಹೊಲಿಗೆಯಿಂದ ಜೀವನ ಮಾಡುವ ಒಬ್ಬರಿಗೆ ಅದು ಹೋಯಿತು. ಹೊಸ ಮನೆಗೆ ಬಂದು ಕೆಲವು ತಿಂಗಳಿಗೆ ಅಮ್ಮನಿಗೆ ಕಣ್ಣಿನ ಪೊರೆಯ ಆಪರೇಷನ್ ಆಯಿತು. ಕಣ್ಣು ನಿಚ್ಚಳವಾದ ಮೇಲೆ ಅವರು ಕೇಳಿದ್ದು ಆ ಮಷೀನನ್ನು. ಹೊಲಿಗೆ ಬೇಡವಾಗಿ ಬಿಟ್ಟದ್ದಲ್ಲ. ಸೂಜಿಯ ಕಣ್ಣು ಕಾಣದೆ ಬಿಟ್ಟಿದ್ದರು. ತೆಗೆದುಕೊಂಡವರು ಅದರಲ್ಲಿ ದುಡಿಯುತ್ತಿದ್ದರು. ವಾಪಸ್ ಕೇಳುವುದು ಬೇಡ ಎಂದು ಅಮ್ಮನೇ ಹೇಳಿದರು. ಈಗ ಮೇಜಿನ ಮೇಲೆ ಇಡುವ ಚಿಕ್ಕ ಮಷೀನು ತಂದಿದ್ದಾರೆ. ಅದು ಅವರಿಗೆ ಒಗ್ಗಿಲ್ಲ.

ಒಂದು ವರ್ಷ ಮುಟ್ಟದಿದ್ದರೆ ಬಿಟ್ಟುಬಿಡಿ ಎನ್ನುವ ನಿಯಮ ಬಹಳ ಜನರ ಬಾಯಲ್ಲಿದೆ. ವಯಸ್ಸಾದವರ ಮನೆಯಲ್ಲಿ ಅದನ್ನು ಹಾಗೇ ಹಾಕಬಾರದು. ಮುಟ್ಟದೆ ಇರಲು ಕಾರಣ ಕಣ್ಣೋ, ಮಂಡಿಯೋ, ಕೈ ನಡುಕವೋ ಎಂದು ಮೊದಲು ಕೇಳಬೇಕು. ಆ ಕಾರಣ ಗುಣವಾಗುವಂಥದ್ದೇ ಎಂದೂ ಕೇಳಬೇಕು. ಮೇಲಿನ ಕೋಣೆಯಲ್ಲಿದ್ದ ಎಷ್ಟೋ ವಸ್ತುಗಳನ್ನು ಅಮ್ಮ ಬಳಸದೆ ಇದ್ದದ್ದು ಬರೀ ಮೆಟ್ಟಿಲು ಹತ್ತಲಾಗದ ಕಾರಣಕ್ಕೆ. ಅಂಥವು ಲಿಫ್ಟ್ ಇರುವ ಮನೆಯಲ್ಲಿ ಮತ್ತೆ ದಿನಬಳಕೆಗೆ ಬಂದಿವೆ. ಇನ್ನೊಂದು, ಬೇರೆ ಕೆಲಸಕ್ಕೆ ಬಳಸಿಕೊಂಡ ವಸ್ತುಗಳು ಕಣ್ಣಿಗೇ ಬೀಳುವುದಿಲ್ಲ. ಬಟ್ಟೆ ಹೊದಿಸಿದ ಮಷೀನಿಗೆ ಯಾರೂ ಹಸಿರು ಚೀಟಿ ಅಂಟಿಸಿರಲಿಲ್ಲ.

ಈಗ ಬೇರೆ ಕುಟುಂಬದವರು ಕರೆದಾಗ ಚೀಟಿ ಅಂಟಿಸುವ ದಿನವೇ ಹೊದಿಕೆಗಳನ್ನೆಲ್ಲ ತೆಗೆಸುತ್ತೇನೆ. ಮುಂದಿನ ಆರು ತಿಂಗಳಲ್ಲಿ ಯಾವುದಾದರೂ ಆಪರೇಷನ್ ಇದೆಯಾ ಎಂದು ಕೇಳಿ ಬರೆದುಕೊಳ್ಳುತ್ತೇನೆ. ಕೊನೆಯ ವಾರದಲ್ಲಿ ಯಾವ ಹೊಸ ತೀರ್ಮಾನವನ್ನೂ ಮಾಡಿಸುವುದಿಲ್ಲ. ಆಗ ಇನ್ನೂ ತೀರ್ಮಾನ ಆಗದೆ ಉಳಿದದ್ದು ಹೊಸ ಮನೆಗೆ ಜೊತೆಯಲ್ಲೇ ಹೋಗುತ್ತದೆ, ಅಲ್ಲಿ ನಿಧಾನಕ್ಕೆ ನೋಡಿಕೊಳ್ಳುತ್ತಾರೆ. ಮಗನ ಚಿತ್ರಗಳ ಕಟ್ಟು ಮಗಳ ಮನೆಯಲ್ಲಿದೆ. ಮುಂದಿನ ಸಲ ಬಂದಾಗ ಒಯ್ಯುತ್ತೇನೆ ಎಂದಿದ್ದಾನೆ.